ತಂತಿಯ ಸುದ್ದಿ, ರಕ್ತದ ಸುದ್ದಿ

ಅಪ್ಪನ ಇಸಿಜಿ ಮೊದಲು ತೆಗೆದದ್ದು ಸೂರತ್‌ನಲ್ಲಿ. ತಂಗಿಯ ಮನೆಗೆ ಹೋಗಿದ್ದಾಗ ಕಣ್ಣಿನ ಪೊರೆಯ ಆಪರೇಷನ್ನಿಗೆ ಮುಂಚೆ ಮಾಡಿಸಿದ ಮಾಮೂಲಿ ಪರೀಕ್ಷೆ ಅದು. ಗುಲಾಬಿ ಚೌಕುಳಿ ಕಾಗದದ ಮೇಲ್ತುದಿಯಲ್ಲಿ ಯಂತ್ರವೇ ನಾಲ್ಕು ಅಕ್ಷರ ಅಚ್ಚು ಹಾಕಿತ್ತು: ಎಲ್‌ಬಿಬಿಬಿ. ತಂಗಿ ಅದರ ಫೋಟೊ ತೆಗೆದು, ‘ಅಣ್ಣ, ಇದೇನು ನೋಡು’ ಎಂದು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದಳು. ನಾನು ವಡೋದರದ ಆಫೀಸಿನಲ್ಲಿ ಎರಡು ಮೀಟಿಂಗುಗಳ ನಡುವೆ ಗೂಗಲ್ ಮಾಡಿ, ವಯಸ್ಸಾದವರಲ್ಲಿ ಇದು ಕಾಣುವುದುಂಟು ಎಂಬಂಥ ಒಂದು ಸಾಲು ಓದಿ, ಹೆಬ್ಬೆಟ್ಟಿನ ಚಿಹ್ನೆ ಒತ್ತಿ ಸುಮ್ಮನಾದೆ. ಕಣ್ಣಿನ ಆಪರೇಷನ್ ಚೆನ್ನಾಗಿಯೇ ಆಯಿತು. ಕಾಗದ ಫೈಲಿಗೆ ಸೇರಿತು.

ಎರಡು ವರ್ಷ ಕಳೆದ ಮೇಲೆ, ಉತ್ತರಾಯಣದ ದಿನ, ವಡೋದರದ ನಮ್ಮ ಅಪಾರ್ಟ್‌ಮೆಂಟಿನ ತಾರಸಿಗೆ ಎಲ್ಲರೂ ಗಾಳಿಪಟ ಹಾರಿಸಲು ಹತ್ತಿದೆವು. ಅಪ್ಪ ಮಾತ್ರ ಬರಲಿಲ್ಲ. ಇಳಿದು ನೋಡಿದರೆ ಎರಡನೆಯ ಮಹಡಿಯ ತಿರುವಿನಲ್ಲಿ ಮೆಟ್ಟಿಲ ಮೇಲೆ ಕೂತಿದ್ದರು. ‘ಏನಿಲ್ಲ ಮಾರಾಯ, ಉಂಧಿಯು ಸ್ವಲ್ಪ ಜಾಸ್ತಿ ಆಯ್ತು’ ಎಂದರು. ಆಗಲೂ ಏದುಸಿರು ನಿಂತಿರಲಿಲ್ಲ. ಕಾಲಿನ ಕಾಲ್ಚೀಲದ ಗೆರೆ ಆಳವಾಗಿ ಮೂಡಿತ್ತು.

ಮರುದಿನ ವಡೋದರದ ವೈದ್ಯರು ಒಂದು ರಕ್ತಪರೀಕ್ಷೆ ಬರೆದುಕೊಟ್ಟರು: ಎನ್‌ಟಿ-ಪ್ರೊಬಿಎನ್‌ಪಿ. ಸಂಜೆ ಬಂದ ಅಂಕಿ 1,840. ಪಕ್ಕದಲ್ಲಿ ಅಚ್ಚಾಗಿದ್ದ ಮೇಲ್ಮಿತಿ 125. ಅಲ್ಲಿಂದ ಅಹಮದಾಬಾದಿಗೆ. ಅಲ್ಲಿನ ಹೃದಯತಜ್ಞರು ಎಕೋ ಮಾಡಿ, ಸೂರತ್‌ನ ಹಳೆಯ ಇಸಿಜಿಯನ್ನೂ ಹೊಸದನ್ನೂ ಮೇಜಿನ ಮೇಲೆ ಜೋಡಿಸಿಟ್ಟುಕೊಂಡು ಹಿಂದಿಯಲ್ಲಿ ಹೇಳಿದ್ದರ ತಾತ್ಪರ್ಯ ಇಷ್ಟು: ‘ಇಸಿಜಿ ಕೊಡುವುದು ತಂತಿಯ ಸುದ್ದಿ. ಆ ತಂತಿಯಿಂದಾಗಿ ಹೃದಯ ಎಷ್ಟು ಸೋತಿದೆ ಎನ್ನುವುದು ರಕ್ತದ ಸುದ್ದಿ. ಎರಡನ್ನೂ ಕೇಳಬೇಕು.’

ಆ ಮಾತು ತಲೆಯಲ್ಲಿ ಕೂತಿತು. ಆಮೇಲಿನ ತಿಂಗಳುಗಳಲ್ಲಿ ಅಹಮದಾಬಾದ್–ವಡೋದರ ರೈಲಿನಲ್ಲಿ ಓಡಾಡುತ್ತ ಈ ಎರಡು ಸುದ್ದಿಗಳ ಚರಿತ್ರೆಯನ್ನು ಓದಿದೆ. ಮೊದಲನೆಯದನ್ನು ಮನುಷ್ಯ ಓದಲು ಕಲಿತದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಎರಡನೆಯದು ಹೃದಯದಿಂದಲೇ ಬರುತ್ತಿದೆ ಎಂದು ಗೊತ್ತಾದದ್ದು ಅದಾಗಿ ಎಂಬತ್ತು ವರ್ಷಗಳ ನಂತರ. ಅಷ್ಟು ಕಾಲ ವೈದ್ಯಲೋಕ ಹೃದಯದ ಅರ್ಧ ಮಾತನ್ನಷ್ಟೇ ಕೇಳುತ್ತಿತ್ತು.

*

ಹೃದಯ ಬಡಿಯುವಾಗ ವಿದ್ಯುತ್ ಹುಟ್ಟುತ್ತದೆ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲೇ ಗೊತ್ತಿತ್ತು. ಎದೆ ಕೊಯ್ಯದೆ, ಚರ್ಮದ ಮೇಲಿಂದಲೇ ಅದನ್ನು ದಾಖಲಿಸಬಹುದೆಂದು 1887ರಲ್ಲಿ ತೋರಿಸಿದವರು ಲಂಡನ್ನಿನ ಸೇಂಟ್ ಮೇರಿಸ್ ಆಸ್ಪತ್ರೆಯ ಆಗಸ್ಟಸ್ ವಾಲರ್. ಕಾಲದ ಅಂದಾಜಿಗೆ ಹೇಳುವುದಾದರೆ, ಅಹಮದಾಬಾದಿನ ಇಂದಿನ ಬಿ.ಜೆ. ವೈದ್ಯಕೀಯ ಕಾಲೇಜು ಅದಕ್ಕೆ ಹದಿನಾರು ವರ್ಷ ಹಿಂದೆ, 1871ರಲ್ಲಿ, 14 ವಿದ್ಯಾರ್ಥಿಗಳ ಶಾಲೆಯಾಗಿ ಶುರುವಾಗಿತ್ತು. ವಡೋದರದ ಈಗಿನ ಎಸ್‌ಎಸ್‌ಜಿ ಆಸ್ಪತ್ರೆಗೆ ಕೌಂಟೆಸ್ ಆಫ್ ಡಫ್ರಿನ್ ಹೆಸರಿನಲ್ಲಿ ಅಡಿಗಲ್ಲು ಬಿದ್ದದ್ದು ಹಿಂದಿನ ವರ್ಷ, 1886ರಲ್ಲಿ. ವಾಲರ್ ತಮ್ಮ ಬುಲ್‌ಡಾಗ್ ಜಿಮ್ಮಿಯ ಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಳಿಸಿ ಅದರ ಹೃದಯದ ವಿದ್ಯುತ್ತನ್ನು ಸಭೆಗಳಲ್ಲಿ ತೋರಿಸುತ್ತಿದ್ದರು. 1909ರಲ್ಲಿ ರಾಯಲ್ ಸೊಸೈಟಿಯಲ್ಲಿ ನಡೆದ ಪ್ರದರ್ಶನ ನೋಡಿದ ಯಾರೋ ಇದು ಪ್ರಾಣಿಹಿಂಸೆ ಎಂದು ದೂರಿ, ವಿಷಯ ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಹೋಯಿತು. ವಿಚಿತ್ರವೆಂದರೆ, ತಾನು ಕಂಡುಹಿಡಿದ ಈ ವಿದ್ಯೆ ಆಸ್ಪತ್ರೆಗಳಲ್ಲಿ ಹೆಚ್ಚು ಬಳಕೆಗೆ ಬಂದೀತು ಎಂದು ವಾಲರ್ ಅವರೇ ಎಣಿಸಿರಲಿಲ್ಲ.

ಅದನ್ನು ಆಸ್ಪತ್ರೆಗೆ ತಂದವರು ವಿಲೆಂ ಐಂಥೋವನ್. ಹುಟ್ಟಿದ್ದು 1860ರಲ್ಲಿ, ಜಾವಾ ದ್ವೀಪದ ಸೆಮರಾಂಗ್‌ನಲ್ಲಿ. ವೈದ್ಯರಾಗಿದ್ದ ತಂದೆ ತೀರಿಕೊಂಡ ಮೇಲೆ ತಾಯಿ ಮಕ್ಕಳನ್ನು ಕಟ್ಟಿಕೊಂಡು ಹಾಲೆಂಡಿಗೆ ಬಂದರು. ಲೈಡನ್‌ನಲ್ಲಿ ಪ್ರಾಧ್ಯಾಪಕರಾದ ಐಂಥೋವನ್ 1901ರಲ್ಲಿ ತಮ್ಮ ‘ತಂತಿ ಗ್ಯಾಲ್ವನೋಮೀಟರ್’ ಪ್ರಕಟಿಸಿದರು. ಅದರ ಜೀವಾಳ ಬೆಣಚುಕಲ್ಲನ್ನು ಕರಗಿಸಿ ಎಳೆದ, ಕೂದಲಿಗಿಂತ ಎಷ್ಟೋ ಪಾಲು ತೆಳುವಾದ, ಮೇಲೆ ಬೆಳ್ಳಿ ಲೇಪಿಸಿದ ಒಂದೇ ಒಂದು ಎಳೆ. ಪ್ರಬಲ ಆಯಸ್ಕಾಂತದ ಎರಡು ಮುಖಗಳ ನಡುವೆ ಅದನ್ನು ತೂಗುಬಿಟ್ಟರೆ ಹೃದಯದ ಕ್ಷೀಣ ವಿದ್ಯುತ್ತಿಗೂ ಅದು ಅಲುಗುತ್ತಿತ್ತು. ಆ ಅಲುಗಾಟದ ನೆರಳನ್ನು ಫೋಟೊ ತೆಗೆದರೆ ಅದೇ ಇಸಿಜಿ. ಇಂಥ ಎಳೆ ತೆಗೆಯಲು ಇಂಗ್ಲೆಂಡಿನ ಚಾರ್ಲ್ಸ್ ಬಾಯ್ಸ್ ಕಂಡುಕೊಂಡಿದ್ದ ಉಪಾಯ ತಮಾಷೆಯದು: ಕರಗಿದ ಕಲ್ಲನ್ನು ಬಾಣಕ್ಕೆ ಅಂಟಿಸಿ ಬಿಲ್ಲಿನಿಂದ ಹಾರಿಸುವುದು. ಇದನ್ನು ಓದಿದಾಗ ನನಗೆ ನೆನಪಾದದ್ದು ಸೂರತ್‌ನ ಜರಿ. ಬೆಳ್ಳಿಯ ಸರಿಗೆಯನ್ನು ಎಳೆದೆಳೆದು ಸಣ್ಣ ಮಾಡಿ, ತಟ್ಟಿ, ನೂಲಿಗೆ ಸುತ್ತುವ ಆ ಕಸುಬಿನವರ ಮುಂದೆ ಐಂಥೋವನ್ ಈ ಎಳೆಯನ್ನು ಹಿಡಿದಿದ್ದರೆ ಅವರು ಅದರ ಬೆಲೆ ತಕ್ಷಣ ತಿಳಿಯುತ್ತಿದ್ದರು. ಕಾಂಚೀಪುರದ ಸೀರೆಯ ಅಂಚಿಗೂ ಜರಿ ಹೋಗುವುದು ಸೂರತ್‌ನಿಂದಲೇ.

ಐಂಥೋವನ್ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು. ನಡೆಸಲು ಐದು ಜನ ಬೇಕು. ರೋಗಿಯನ್ನು ಯಂತ್ರದ ಬಳಿ ತರುವುದೂ ಕಷ್ಟ, ಯಂತ್ರವನ್ನು ರೋಗಿಯ ಬಳಿ ಒಯ್ಯುವುದಂತೂ ಆಗದ ಮಾತು. 1905ರಲ್ಲಿ ಅವರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಪ್ರಯೋಗಶಾಲೆಗೆ ಟೆಲಿಫೋನ್ ತಂತಿಯ ಮೂಲಕ ಹೃದಯದ ಸಂಕೇತವನ್ನು ತರಿಸಿಕೊಂಡರು. ನಮ್ಮ ಕಡೆ, ಮಂಗಳೂರಿನ ಹೃದಯತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅಲ್ಲಿ ತೆಗೆದ ಗೆರೆಗಳನ್ನು ವಾಟ್ಸಾಪಿನಲ್ಲಿ ತಜ್ಞರು ಓದಿ ಹೇಳುವ ಏರ್ಪಾಟು ಮಾಡಿದ್ದು ಎಷ್ಟೋ ಓದುಗರಿಗೆ ಗೊತ್ತಿರಬಹುದು. ಅದರ ಅಜ್ಜ ಲೈಡನ್ನಿನ ಆ ಟೆಲಿಫೋನ್ ತಂತಿ. 1924ರಲ್ಲಿ ಐಂಥೋವನ್‌ಗೆ ನೊಬೆಲ್ ಬಂತು.

*

ಗೆರೆ ಸಿಕ್ಕಿತು. ಆದರೆ ಆ ವಿದ್ಯುತ್ ಹೃದಯದೊಳಗೆ ಯಾವ ದಾರಿಯಲ್ಲಿ ಹರಿಯುತ್ತದೆ?

1839ರಲ್ಲೇ ಯಾನ್ ಪುರ್ಕಿನ್ಯೆ ಕುರಿಯ ಹೃದಯದ ಒಳಗೋಡೆಯಲ್ಲಿ ಬೂದು ಎಳೆಗಳ ಬಲೆಯೊಂದನ್ನು ಕಂಡಿದ್ದರು. ಅದು ಯಾತಕ್ಕೆಂದು ತಿಳಿದಿರಲಿಲ್ಲ. 1893ರಲ್ಲಿ ವಿಲ್‌ಹೆಲ್ಮ್ ಹಿಸ್ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ದಾಟುವ ಒಂದು ಕಟ್ಟನ್ನು ಕಂಡರು. ಈ ಎರಡೂ ಒಂದೇ ಮರದ ಭಾಗಗಳೆಂದು ತೋರಿಸಿದವರು ಸುನಾವೋ ತವಾರಾ. ಜಪಾನಿನಿಂದ 1903ರಲ್ಲಿ ಜರ್ಮನಿಯ ಮಾರ್‌ಬುರ್ಗ್‌ಗೆ ಕಲಿಯಲು ಬಂದ ತರುಣ. ಗುರು ಲುಡ್‌ವಿಗ್ ಆಶೋಫ್ ಕೊಟ್ಟ ಕೆಲಸ ಬೇರೆಯದೇ: ಹೃದಯದ ಸ್ನಾಯುವಿನ ಉರಿಯೂತದ ಗುರುತು ಹುಡುಕುವುದು. ಅದಕ್ಕಾಗಿ ಹೃದಯಗಳನ್ನು ತೆಳ್ಳಗೆ ಪದರ ಪದರವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಹೋದಾಗ ಅವರಿಗೆ ಕಂಡದ್ದು ಒಂದು ಬುಡ, ಅದರಿಂದ ಕವಲೊಡೆದ ಎರಡು ಕೊಂಬೆ, ತುದಿಯಲ್ಲಿ ಪುರ್ಕಿನ್ಯೆಯ ಬಲೆ. 1906ರಲ್ಲಿ ಅವರ ಪುಸ್ತಕ ಬಂತು. ತವಾರಾ ಊರಿಗೆ ಮರಳಿದರು. ಅದೇ ಸುಮಾರಿಗೆ ಇಂಗ್ಲೆಂಡಿನ ಕೆಂಟ್‌ನಲ್ಲಿ, ಆರ್ಥರ್ ಕೀತ್ ಸೈಕಲ್ ಸವಾರಿಗೆ ಹೋಗಿದ್ದಾಗ, ಅವರ ಮನೆಯಲ್ಲಿ ಕೂತು ನೆಲ ತೋಡುವ ಮೋಲ್ ಎಂಬ ಸಣ್ಣ ಪ್ರಾಣಿಯ ಹೃದಯವನ್ನು ನೋಡುತ್ತಿದ್ದ ವಿದ್ಯಾರ್ಥಿ ಮಾರ್ಟಿನ್ ಫ್ಲ್ಯಾಕ್‌ಗೆ ಮಿಡಿತ ಹುಟ್ಟುವ ಜಾಗ ಸಿಕ್ಕಿತು. 1907ರಲ್ಲಿ ಅದು ಪ್ರಕಟವಾಯಿತು. ಹೃದಯದ ವೈರಿಂಗ್ ನಕ್ಷೆ ಪೂರ್ತಿಯಾಯಿತು.

ನಕ್ಷೆಯಲ್ಲಿ ಎಡ ಕೊಂಬೆ ಕೆಟ್ಟರೆ ಅದು ಲೆಫ್ಟ್ ಬಂಡಲ್ ಬ್ರಾಂಚ್ ಬ್ಲಾಕ್, ಅಪ್ಪನ ಕಾಗದದ ಎಲ್‌ಬಿಬಿಬಿ. ಬ್ಲಾಕ್ ಎಂದ ಕೂಡಲೇ ನಮಗೆ ರಕ್ತನಾಳದ ಬ್ಲಾಕು ನೆನಪಾಗುತ್ತದೆ, ಇದು ಅದಲ್ಲ. ಟ್ರಾನ್ಸ್‌ಫಾರ್ಮರು, ಸ್ವಿಚ್‌ಗೇರುಗಳ ಊರಾದ ವಡೋದರದಲ್ಲಿ ಇದನ್ನು ವಿವರಿಸುವುದು ಸುಲಭ. ಸಬ್‌ಸ್ಟೇಷನ್ನಿನಿಂದ ಊರಿಗೆ ಎರಡು ಫೀಡರು. ಎಡದ ಫೀಡರು ಕೆಟ್ಟಿದೆ. ಎಡಭಾಗ ಕತ್ತಲಾಗುವುದಿಲ್ಲ; ಬಲಭಾಗದ ಗಲ್ಲಿಗಳನ್ನು ಸುತ್ತಿ ಬಳಸಿ ಕರೆಂಟು ಅಲ್ಲಿಗೂ ತಲುಪುತ್ತದೆ, ಆದರೆ ತಡವಾಗಿ. ಆರೋಗ್ಯವಂತರಲ್ಲಿ ಎರಡೂ ಹೃತ್ಕುಕ್ಷಿಗಳು, ಅಂದರೆ ಕೆಳಗಿನ ಎರಡು ಕೋಣೆಗಳು, ಹತ್ತಿರ ಹತ್ತಿರ 0.1 ಸೆಕೆಂಡಿನೊಳಗೆ ಎಚ್ಚರಗೊಳ್ಳುತ್ತವೆ. ಅಪ್ಪನಿಗೆ 0.16 ಸೆಕೆಂಡು ಬೇಕಾಗುತ್ತಿತ್ತು. ಎಡಗೋಣೆಯ ಒಂದು ಗೋಡೆ ಹಿಂಡಿ ಮುಗಿಸುವ ಹೊತ್ತಿಗೆ ಎದುರಿನ ಗೋಡೆ ಶುರು ಮಾಡುತ್ತದೆ. ಒಂದೇ ಒರಳಲ್ಲಿ ಇಬ್ಬರು ಒನಕೆ ಹಾಕುವಾಗ ತಾಳ ತಪ್ಪಿದ ಹಾಗೆ. ದಣಿವು ದುಪ್ಪಟ್ಟು, ಅಕ್ಕಿ ಅರ್ಧ.

ಈ ಗೆರೆಯನ್ನು ಓದುವುದರಲ್ಲಿ ವೈದ್ಯರೂ ತಪ್ಪಿದ್ದರು. 1910ರ ಸುಮಾರಿಗೆ ವಿಯೆನ್ನಾದ ಎಪಿಂಗರ್ ಮತ್ತು ರಾತ್‌ಬರ್ಗರ್ ನಾಯಿಗಳಲ್ಲಿ ಒಂದೊಂದೇ ಕೊಂಬೆ ಕತ್ತರಿಸಿ ಇಸಿಜಿ ತೆಗೆದರು. ಅದರ ಆಧಾರದಲ್ಲಿ ಮನುಷ್ಯರಲ್ಲಿ ಎಡ ಯಾವುದು, ಬಲ ಯಾವುದು ಎಂದು ತೀರ್ಮಾನವಾಯಿತು. ಆದರೆ ನಾಯಿಯ ಎದೆಯಲ್ಲಿ ಹೃದಯ ಕೂತಿರುವ ರೀತಿ ಬೇರೆ, ಮನುಷ್ಯನದು ಬೇರೆ. ಹೀಗಾಗಿ ಸುಮಾರು ಇಪ್ಪತ್ತು ವರ್ಷ ಎಡವನ್ನು ಬಲವೆಂದೂ ಬಲವನ್ನು ಎಡವೆಂದೂ ಬರೆಯಲಾಯಿತು. 1930ರ ದಶಕದ ಆರಂಭದಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಫ್ರಾಂಕ್ ವಿಲ್ಸನ್ ಮತ್ತು ಅವರ ಸಂಗಡಿಗರು ಇದನ್ನು ತಿದ್ದಿದರು. ಶಸ್ತ್ರಚಿಕಿತ್ಸೆಯಿಂದ ಹೃದಯ ತೆರೆದುಕೊಂಡಿದ್ದ ರೋಗಿಯೊಬ್ಬರಲ್ಲಿ ನೇರವಾಗಿ ಪರೀಕ್ಷಿಸಿದ್ದು ಅದಕ್ಕೆ ಸಾಕ್ಷ್ಯವಾಯಿತು.

ಎಡಬಲ ಸರಿಹೋದ ಮೇಲೂ ದೊಡ್ಡ ತೊಡಕೊಂದು ಉಳಿಯಿತು. ಎಡ ಕೊಂಬೆ ಕೆಟ್ಟಾಗ ಇಸಿಜಿಯ ಇಡೀ ಆಕಾರವೇ ಬದಲಾಗುತ್ತದೆ. ಹೃದಯಾಘಾತದಲ್ಲಿ ಗೆರೆ ಏರುವ, ಇಳಿಯುವ ಗುರುತುಗಳು ಈ ಏರುಪೇರಿನೊಳಗೆ ಕಲಸಿಹೋಗುತ್ತವೆ. ಅದರ ನಡುವೆಯೂ ಹೃದಯಾಘಾತವನ್ನು ಹೆಕ್ಕುವ ಸೂತ್ರಗಳನ್ನು ಎಲೆನಾ ಸ್ಗಾರ್ಬೋಸಾ ಮತ್ತು ಸಂಗಡಿಗರು ಕೊಟ್ಟದ್ದು 1996ರಲ್ಲಿ, ಅಂದರೆ ಐಂಥೋವನ್ ಆದ ಮೇಲೆ ಶತಮಾನವೇ ಉರುಳುವ ಹೊತ್ತಿಗೆ. ತಂತಿ ಕೆಟ್ಟಾಗ ತಂತಿಯ ಮೇಲೆ ಬರುವ ಉಳಿದ ಸುದ್ದಿಯೂ ಕೆಡುತ್ತದೆ. ತಂತಿ ಕೆಟ್ಟಿದೆ ಎಂಬುದಷ್ಟೇ ಸ್ಪಷ್ಟ. ಅದರಿಂದ ಹೃದಯ ಹಿಗ್ಗಿದೆಯೇ, ಬಳಲಿದೆಯೇ, ಇಲ್ಲ ಹತ್ತಾರು ವರ್ಷ ಹೀಗೇ ಸಂಭಾಳಿಸಿಕೊಂಡು ಹೋಗುತ್ತದೆಯೇ ಎಂಬುದಕ್ಕೆ ಆ ಕಾಗದದಲ್ಲಿ ಉತ್ತರವಿಲ್ಲ. ನಾನು ಹೆಬ್ಬೆಟ್ಟು ಒತ್ತಿ ಮುಚ್ಚಿದ್ದು ಈ ಪ್ರಶ್ನೆಯನ್ನು.

*

ಉತ್ತರ ಬಂದದ್ದು ಬೇರೊಂದು ದಿಕ್ಕಿನಿಂದ. ಅದನ್ನು ತಂದವರಲ್ಲಿ ಹಲವರಿಗೆ ಅವರು ಹುಡುಕುತ್ತಿರುವುದು ಹೃದಯದ ಮಾತು ಎಂಬ ಅರಿವೂ ಇರಲಿಲ್ಲ.

1956ರಲ್ಲಿ ಎರಡು ಸಂಗತಿ ನಡೆದವು. ಹೆನ್ರಿ, ಗಾವರ್ ಮತ್ತು ರೀವ್ಸ್ ಎಂಬ ವಿಜ್ಞಾನಿಗಳು ನಾಯಿಯ ಎಡ ಹೃತ್ಕರ್ಣದಲ್ಲಿ, ಅಂದರೆ ಮೇಲಿನ ಎಡ ಕೋಣೆಯಲ್ಲಿ, ಸಣ್ಣ ಬಲೂನೊಂದನ್ನು ಉಬ್ಬಿಸಿದರು. ಕೋಣೆ ಹಿಗ್ಗಿದ ಕೂಡಲೇ ನಾಯಿ ಹೆಚ್ಚು ಮೂತ್ರ ಮಾಡಿತು. ಹೃದಯ ಹಿಗ್ಗಿದರೆ ಮೂತ್ರಪಿಂಡಕ್ಕೆ ಹೇಗೋ ಸುದ್ದಿ ಹೋಗುತ್ತಿದೆ ಎಂದಾಯಿತು. ಅದೇ ವರ್ಷ, ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಅಮೆರಿಕಕ್ಕೆ ವಲಸೆ ಬಂದಿದ್ದ ಬ್ರೂನೋ ಕಿಶ್ ಗಿನಿಯಿಲಿಯ ಹೃತ್ಕರ್ಣದ ಕೋಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ದಟ್ಟವಾದ ಪುಟ್ಟ ಕಣಗಳಿವೆ ಎಂದು ಬರೆದರು. 1964ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಜೇಮ್ಸನ್ ಮತ್ತು ರುಮೇನಿಯಾ ಮೂಲದ ಜಾರ್ಜ್ ಪಲಾಡೆ ಆ ಕಣಗಳನ್ನು ಇನ್ನೂ ವಿವರವಾಗಿ ಚಿತ್ರಿಸಿದರು. ಹಾರ್ಮೋನು ಸುರಿಸುವ ಗ್ರಂಥಿಗಳ ಕೋಶಗಳಲ್ಲಿ ಕಾಣುವಂಥ ಕಣಗಳು ಅವು. ಆದರೆ ಹೃದಯವೆಂದರೆ ಪಂಪು, ಪಂಪಿನಲ್ಲಿ ಗ್ರಂಥಿಯ ಕಣಗಳಿಗೇನು ಕೆಲಸ?

ಬಲೂನಿನ ಪ್ರಯೋಗ ಒಂದು ಕಡೆ, ಕಣಗಳು ಇನ್ನೊಂದು ಕಡೆ. ಇಪ್ಪತ್ತೈದು ವರ್ಷ ಇವೆರಡೂ ಒಂದಕ್ಕೊಂದು ಸಂಬಂಧವಿಲ್ಲದೆ ಗ್ರಂಥಾಲಯದಲ್ಲಿ ಬಿದ್ದಿದ್ದವು.

ಅವನ್ನು ಕೂಡಿಸಿದವರು ಅರ್ಜೆಂಟೀನಾದಿಂದ ಕೆನಡಾಕ್ಕೆ ಬಂದು ಕಿಂಗ್‌ಸ್ಟನ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿದ್ದ ಅಡಾಲ್ಫೋ ಡಿ ಬೋಲ್ಡ್. ದೇಹದ ಉಪ್ಪು–ನೀರಿನ ಸಮತೋಲ ಬದಲಾದಾಗ ಈ ಕಣಗಳ ಸಂಖ್ಯೆಯೂ ಬದಲಾಗುವುದನ್ನು ಅವರು ಗಮನಿಸಿದ್ದರು. ಕೊನೆಗೆ ಸರಳವಾದ ಒಂದು ಪ್ರಯೋಗ ಮಾಡಿದರು. ಇಲಿಯ ಹೃತ್ಕರ್ಣವನ್ನು ಅರೆದು, ಅದರ ಸಾರವನ್ನು ಇನ್ನೊಂದು ಇಲಿಗೆ ಚುಚ್ಚಿದರು. ಆ ಇಲಿಯ ಮೂತ್ರದಲ್ಲಿ ಸೋಡಿಯಂ ಮೂವತ್ತು ಪಟ್ಟಿಗೂ ಹೆಚ್ಚಾಯಿತು, ಮೂತ್ರ ಹತ್ತು ಪಟ್ಟು ಹೆಚ್ಚಾಯಿತು. ಕುಕ್ಷಿಯ ಸಾರ ಚುಚ್ಚಿದರೆ ಹಾಗಾಗಲಿಲ್ಲ. 1981ರಲ್ಲಿ ಇದು ಪ್ರಕಟವಾದಾಗ ಹೃದಯ ಪಂಪು ಮಾತ್ರವಲ್ಲ, ಗ್ರಂಥಿಯೂ ಹೌದು ಎಂಬುದು ಖಚಿತವಾಯಿತು. ಭಾರ ಹೆಚ್ಚಾದಾಗ ಅದು ಮೂತ್ರಪಿಂಡಕ್ಕೆ ಕಾಗದ ಬರೆಯುತ್ತದೆ: ಸ್ವಲ್ಪ ಉಪ್ಪು ಬಿಡು, ನೀರು ಬಿಡು, ನನ್ನ ಹೊರೆ ಇಳಿಸು.

ಏಳು ವರ್ಷಗಳ ನಂತರ, 1988ರಲ್ಲಿ, ಜಪಾನಿನ ಮಿಯಾಜಾಕಿಯಲ್ಲಿ ಸುಡೋ, ಕಂಗಾವಾ, ಮತ್ಸುವೊ ಮುಂತಾದವರು ಹಂದಿಯ ಮೆದುಳಿನಲ್ಲಿ ಇದರ ತಮ್ಮನಂಥ ಇನ್ನೊಂದು ವಸ್ತುವನ್ನು ಕಂಡುಹಿಡಿದರು. ಮೆದುಳಿನಲ್ಲಿ ಸಿಕ್ಕಿದ್ದರಿಂದ ಬ್ರೈನ್ ನ್ಯಾಟ್ರಿಯುರೆಟಿಕ್ ಪೆಪ್ಟೈಡ್ ಎಂದು ಹೆಸರಿಟ್ಟರು, ಅದೇ ಬಿಎನ್‌ಪಿ. ಆಮೇಲೆ ನೋಡಿದರೆ ಮನುಷ್ಯರಲ್ಲಿ ಅದರ ಮುಖ್ಯ ತವರು ಮೆದುಳಲ್ಲ, ಹೃದಯದ ಕುಕ್ಷಿ. ಹೆಸರು ಮಾತ್ರ ಹಾಗೇ ಉಳಿಯಿತು. ಊರು ಬಿಟ್ಟು ಎಷ್ಟೋ ವರ್ಷವಾದರೂ ಹೆಸರಿನ ಹಿಂದೆ ಊರನ್ನು ಹೊತ್ತು ತಿರುಗುವ ನಮ್ಮಂಥವರಿಗೆ ಇದು ಅರ್ಥವಾಗುತ್ತದೆ. ಹಾಗೆ ನೋಡಿದರೆ ಈ ಕತೆಯ ತುಂಬ ಇರುವವರೇ ಊರು ಬಿಟ್ಟವರು. ಜಾವಾದಿಂದ ಬಂದ ಐಂಥೋವನ್, ಮಾರ್‌ಬುರ್ಗ್‌ನ ತವಾರಾ, ನ್ಯೂಯಾರ್ಕಿನ ಪಲಾಡೆ, ಕಿಂಗ್‌ಸ್ಟನ್ನಿನ ಡಿ ಬೋಲ್ಡ್.

ಬಿಎನ್‌ಪಿ ಹುಟ್ಟುವ ರೀತಿ ಹೀಗೆ. ಕುಕ್ಷಿಯ ಗೋಡೆ ಒತ್ತಡಕ್ಕೆ ಹಿಗ್ಗಿದಾಗ ಅಲ್ಲಿನ ಕೋಶಗಳು 108 ಅಮೈನೊ ಆಮ್ಲಗಳ ಒಂದು ಸರವನ್ನು ತಯಾರಿಸುತ್ತವೆ. ಅದು ಎರಡು ತುಂಡಾಗುತ್ತದೆ. 32 ಮಣಿಗಳ ತುಂಡು ಬಿಎನ್‌ಪಿ. ಕೆಲಸ ಮಾಡುವುದು ಇದೇ, ರಕ್ತನಾಳಗಳನ್ನು ಸಡಿಲಿಸಿ ಉಪ್ಪು–ನೀರನ್ನು ಹೊರಹಾಕಿಸುತ್ತದೆ. ಉಳಿದ 76 ಮಣಿಗಳ ತುಂಡು ಎನ್‌ಟಿ-ಪ್ರೊಬಿಎನ್‌ಪಿ, ಇದಕ್ಕೆ ಕೆಲಸವಿಲ್ಲ. ಆದರೆ ಬಿಎನ್‌ಪಿ ಇಪ್ಪತ್ತು ನಿಮಿಷದಲ್ಲಿ ಅರ್ಧಕ್ಕಿಳಿದರೆ ಇದು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಅಳೆಯಲು ಅನುಕೂಲ. ಕಾಗದ ಓದಿ ಹರಿದುಹಾಕಿದ ಮೇಲೂ ಉಳಿಯುವ ಲಕೋಟೆಯ ಹಾಗೆ. ಲಕೋಟೆ ಎಷ್ಟು ಬಿದ್ದಿವೆ ಎಂದು ಎಣಿಸಿದರೆ ಹೃದಯ ಎಷ್ಟು ಕಾಗದ ಬರೆದಿದೆ ಎಂದು ಗೊತ್ತಾಗುತ್ತದೆ.

ಇದು ಆಸ್ಪತ್ರೆಯ ನಿತ್ಯದ ಬಳಕೆಗೆ ಬರಲು 2002ರ ಒಂದು ಅಧ್ಯಯನ ದೊಡ್ಡ ಕಾರಣ. ಏದುಸಿರು ಬಿಡುತ್ತ ತುರ್ತು ವಿಭಾಗಕ್ಕೆ ಬಂದ 1,586 ಜನರ ರಕ್ತವನ್ನು ಅಲನ್ ಮೈಸೆಲ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಒಬ್ಬರ ಏದುಸಿರಿಗೆ ಕಾರಣ ಶ್ವಾಸಕೋಶ, ಇನ್ನೊಬ್ಬರದಕ್ಕೆ ಹೃದಯ. ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ. ಪ್ರತಿ ಮಿಲಿಲೀಟರಿಗೆ 100 ಪಿಕೋಗ್ರಾಂ ಬಿಎನ್‌ಪಿಯನ್ನು ಗಡಿಯಾಗಿಟ್ಟುಕೊಂಡರೆ ಶೇ. 83ರಷ್ಟು ಸಲ ಸರಿಯಾಗಿ ಬೇರ್ಪಡಿಸಬಹುದು ಎಂದು ಕಂಡುಬಂತು. ಒಂದು ಪಿಕೋಗ್ರಾಂ ಎಂದರೆ ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು.

*

ಇನ್ನು ಈ ಎರಡು ಸುದ್ದಿಗಳು ಒಂದೇ ರೋಗಿಯಲ್ಲಿ ಕೂಡಿದ ಕತೆ. ಅದು ಶುರುವಾಗುವುದು ಪೇಸ್‌ಮೇಕರಿನಿಂದ.

1958ರ ಅಕ್ಟೋಬರ್ 8ರಂದು ಸ್ವೀಡನ್ನಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಆರ್ನೆ ಲಾರ್ಸನ್ ಎಂಬವರ ದೇಹದೊಳಗೆ ಮೊದಲ ಪೇಸ್‌ಮೇಕರ್ ಇಟ್ಟರು. ತಂತಿ ಪೂರ್ತಿ ಕೆಟ್ಟು ದಿನಕ್ಕೆ ಹಲವು ಸಲ ಅವರು ಪ್ರಜ್ಞೆ ತಪ್ಪುತ್ತಿದ್ದರು. ಹೆಂಡತಿ ಎಲ್ಸ್-ಮಾರಿ ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಮತ್ತು ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಇಬ್ಬರ ಬೆನ್ನುಬಿಡದೆ ಕಾಡಿದ್ದರಿಂದ ಅದು ತಯಾರಾಯಿತು. ಎರಕ ಹೊಯ್ದದ್ದು ಬೂಟ್ ಪಾಲಿಶಿನ ಡಬ್ಬಿಯಲ್ಲಿ. ಮೊದಲನೆಯದು ಕೆಲವೇ ಗಂಟೆ ನಡೆಯಿತು. ಆದರೆ ಒಂದಾದ ಮೇಲೊಂದು ಪೇಸ್‌ಮೇಕರ್ ಬದಲಿಸಿಕೊಳ್ಳುತ್ತ ಲಾರ್ಸನ್ 86 ವರ್ಷ ಬದುಕಿ 2001ರಲ್ಲಿ ತೀರಿಕೊಂಡರು. ಆಗಿನ ಕಾರಣವೂ ಹೃದಯವಲ್ಲ, ಕ್ಯಾನ್ಸರ್.

ಪೇಸ್‌ಮೇಕರ್ ಜೀವ ಉಳಿಸಿತು. ಆದರೆ ಸಾಮಾನ್ಯವಾಗಿ ಅದರ ತಂತಿ ಕೂರುವುದು ಬಲ ಕುಕ್ಷಿಯಲ್ಲಿ. ಬಲದಿಂದ ಹೊರಟ ಮಿಡಿತ ಎಡಕ್ಕೆ ಸುತ್ತಿಬಳಸಿ ಹೋಗಬೇಕು. ಅಂದರೆ ಅದು ತಾನೇ ಒಂದು ಎಲ್‌ಬಿಬಿಬಿಯನ್ನು ಸೃಷ್ಟಿಸಿದಂತೆ. ವರ್ಷಗಟ್ಟಲೆ ಹೀಗೆ ಮಿಡಿದ ಮೇಲೆ ಕೆಲವರ ಹೃದಯ ಸೋಲುವುದನ್ನು ವೈದ್ಯರು ಕಂಡರು. ಹಾಗಾದರೆ ಎಡಕ್ಕೂ ಒಂದು ತಂತಿ ಕೊಟ್ಟರೆ? 1994ರಲ್ಲಿ ಫ್ರಾನ್ಸಿನ ಸೆರ್ಜ್ ಕಾಜೋ ಮತ್ತು ಸಂಗಡಿಗರು ಕುಕ್ಷಿಗಳ ಎರಡೂ ಬದಿಯನ್ನು ಒಟ್ಟಿಗೆ ಮಿಡಿಸಿದ ವರದಿ ಪ್ರಕಟಿಸಿದರು. ಇದೇ ಇಂದಿನ ಸಿಆರ್‌ಟಿ. ತಾಳ ತಪ್ಪಿದ ಎರಡು ಒನಕೆಗಳನ್ನು ಮತ್ತೆ ತಾಳಕ್ಕೆ ತರುವುದು.

ಅದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ತೂಗಿದ್ದು ಯುರೋಪಿನ 82 ಕೇಂದ್ರಗಳಲ್ಲಿ 813 ರೋಗಿಗಳ ಮೇಲೆ ನಡೆದ ಕೇರ್-ಎಚ್‌ಎಫ್ ಅಧ್ಯಯನ. ಎಲ್ಲರದೂ ಸೋತ ಹೃದಯ, ತಡವಾಗಿ ಹರಿಯುವ ವಿದ್ಯುತ್. ಅರ್ಧದಷ್ಟು ಜನರಿಗೆ ಔಷಧ ಮಾತ್ರ, ಉಳಿದವರಿಗೆ ಔಷಧದ ಜೊತೆ ಸಿಆರ್‌ಟಿ. 2005ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಔಷಧ ಮಾತ್ರ ಪಡೆದವರಲ್ಲಿ ಶೇ. 30 ಜನ ತೀರಿಕೊಂಡಿದ್ದರು. ಸಿಆರ್‌ಟಿ ಪಡೆದವರಲ್ಲಿ ಶೇ. 20. ನನ್ನ ಕಣ್ಣು ನಿಂತದ್ದು ಇನ್ನೊಂದು ಸಾಲಿನ ಮೇಲೆ: ಸಿಆರ್‌ಟಿ ಪಡೆದವರ ಎನ್‌ಟಿ-ಪ್ರೊಬಿಎನ್‌ಪಿ ಇಳಿದಿತ್ತು. ತಂತಿ ಸರಿಮಾಡಿದ ಸುದ್ದಿ ರಕ್ತಕ್ಕೆ ಮುಟ್ಟಿತ್ತು. ಐಂಥೋವನ್ ದಾರಿಯೂ ಡಿ ಬೋಲ್ಡ್ ದಾರಿಯೂ ಕೂಡಿದ ಜಾಗ ಅದು.

ಈಗ ಇನ್ನೂ ಹಿಂದಕ್ಕೆ, ಅಂದರೆ ಮೂಲಕ್ಕೆ, ಹೋಗುವ ಪ್ರಯತ್ನ ನಡೆದಿದೆ. 2000ದಲ್ಲಿ ಅಮೆರಿಕದಲ್ಲಿದ್ದ ಪ್ರಮೋದ್ ದೇಶಮುಖ್ ಮತ್ತು ಸಂಗಡಿಗರು ಪೇಸ್‌ಮೇಕರಿನ ತಂತಿಯನ್ನು ನೇರವಾಗಿ ಹಿಸ್ ಕಟ್ಟಿಗೇ ಜೋಡಿಸಿದರು. 2017ರಲ್ಲಿ ಚೀನಾದ ವೆನ್‌ಝೌನ ವೀಜಿಯಾನ್ ಹುವಾಂಗ್ ಮತ್ತು ಸಂಗಡಿಗರು ಅದನ್ನು ಎಡ ಕೊಂಬೆಗೇ ಮುಟ್ಟಿಸಿದ ವರದಿ ಕೊಟ್ಟರು. ತವಾರಾ 1906ರಲ್ಲಿ ಬರೆದ ಮರದ ಚಿತ್ರವೇ ನೂರು ವರ್ಷದ ನಂತರ ಕೆಲಸದ ನಕ್ಷೆಯಾಯಿತು.

*

ಇಷ್ಟೆಲ್ಲ ಓದಿದ ಮೇಲೆ ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ನಾನು ಎಂಟೆಕ್ ಮಾಡಿದವನು, ವೈದ್ಯನಲ್ಲ. ಅಂಕಿ ಕಂಡರೆ ಗ್ರಾಫ್ ಹಾಕುವ ಚಟ ನನ್ನಂಥವರಿಗಿದೆ. ಆದರೆ ಈ ಅಂಕಿ ತಾನಾಗಿಯೇ ತೀರ್ಪಲ್ಲ. ವಯಸ್ಸಾದಂತೆ ಏರುತ್ತದೆ. ಮೂತ್ರಪಿಂಡ ಸೋತರೆ, ಹೃದಯದ ಲಯ ತಪ್ಪಿ ಏಟ್ರಿಯಲ್ ಫಿಬ್ರಿಲೇಷನ್ ಆದರೆ ಏರುತ್ತದೆ. ಬೊಜ್ಜಿರುವವರಲ್ಲಿ, ಹೃದಯ ಸೋತಿದ್ದರೂ, ಕಡಿಮೆ ತೋರಬಹುದು. ಸಕುಬಿಟ್ರಿಲ್ ಇರುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಿಎನ್‌ಪಿ ಔಷಧದಿಂದಲೇ ಏರುತ್ತದೆ; ಅಂಥವರಿಗೆ ಎನ್‌ಟಿ-ಪ್ರೊಬಿಎನ್‌ಪಿಯೇ ನಂಬಿಕೆಯ ಅಳತೆ. ಇಸಿಜಿಯಲ್ಲಿ ಎಲ್‌ಬಿಬಿಬಿ ಇದ್ದವರೆಲ್ಲರ ಹೃದಯವೂ ಸೋತಿರುವುದಿಲ್ಲ, ಅಂಕಿ ಹೆಚ್ಚಿದ್ದವರಿಗೆಲ್ಲ ಸಿಆರ್‌ಟಿ ಬೇಕಾಗುವುದೂ ಇಲ್ಲ. ಎಡಬಲ ಅದಲುಬದಲಾಗಿದ್ದ ಆ ಇಪ್ಪತ್ತು ವರ್ಷಗಳನ್ನು ನೆನೆದರೆ ಸಾಕು: ಗೆರೆ ಸುಳ್ಳು ಹೇಳಿರಲಿಲ್ಲ, ಓದಿದವರು ತಪ್ಪಿದ್ದರು.

ಆದರೂ ನಮ್ಮಂಥವರಿಗೆ ಈ ಚರಿತ್ರೆಯಿಂದ ತೆಗೆದುಕೊಳ್ಳಬಹುದಾದ ಒಂದು ಪ್ರಶ್ನೆ ಇದೆ. ತಂದೆ–ತಾಯಿ ಊರಲ್ಲಿ, ನಾವು ಇಲ್ಲಿ. ಇಲ್ಲವೇ ಅವರೂ ನಮ್ಮೊಡನೆ ಊರೂರು ಸುತ್ತುತ್ತ ಒಂದು ಪರೀಕ್ಷೆ ಸಾಗರದಲ್ಲಿ, ಇನ್ನೊಂದು ಸೂರತ್‌ನಲ್ಲಿ. ಕಾಗದಗಳು ಒಂದೆಡೆ ಸೇರುವುದೇ ಇಲ್ಲ. ಇಸಿಜಿಯಲ್ಲಿ ತಂತಿಯ ತೊಂದರೆ ಕಂಡಾಗ, ‘ಇದು ಹಳೆಯದೋ ಹೊಸದೋ? ಇದರಿಂದ ಹೃದಯಕ್ಕೆ ಆಯಾಸವಾಗಿದೆಯೋ ಇಲ್ಲವೋ ನೋಡಬೇಕೆ?’ ಎಂದು ವೈದ್ಯರನ್ನು ಕೇಳುವುದು. ಅಷ್ಟೇ. ಏಕೆಂದರೆ ಫೋನಿನಲ್ಲಿ ಕೇಳಿದರೆ ಬರುವ ಉತ್ತರ ಯಾವಾಗಲೂ ಒಂದೇ: ಏನಿಲ್ಲ ಮಾರಾಯ. ಅಪ್ಪ ಹಾಗೆ ಹೇಳುತ್ತಿದ್ದ ಅಷ್ಟೂ ದಿನ ಅವರ ಹೃದಯ ಮೂತ್ರಪಿಂಡಕ್ಕೆ ಕಾಗದದ ಮೇಲೆ ಕಾಗದ ಬರೆಯುತ್ತಿತ್ತು. ಅದನ್ನು ಒಡೆದು ಓದುವವರು ಯಾರೂ ಇರಲಿಲ್ಲ.

ಅಪ್ಪನಿಗೆ ಅಹಮದಾಬಾದಿನಲ್ಲಿ ಸಿಆರ್‌ಟಿ ಹಾಕಿದರು. ಔಷಧಿಗಳೂ ಬದಲಾದವು. ಆರು ತಿಂಗಳ ನಂತರದ ಅಂಕಿ 520. ಸಹಜಕ್ಕಿಂತ ಈಗಲೂ ಹೆಚ್ಚೇ. ಆದರೆ ಇಳಿಯುತ್ತಿದೆ ಎಂಬುದೇ ಮುಖ್ಯ ಎಂದರು ವೈದ್ಯರು. ಮುಂದಿನ ಉತ್ತರಾಯಣಕ್ಕೆ ಅಪ್ಪ ತಾರಸಿಗೆ ಹತ್ತಿದರು. ಅದೇ ತಿರುವಿನಲ್ಲಿ ಒಂದು ಸಲ ನಿಂತರು, ಕೂರಲಿಲ್ಲ.

ಮೊನ್ನೆ ಫೈಲನ್ನು ದಿನಾಂಕದ ಪ್ರಕಾರ ಜೋಡಿಸಿದೆ. ಸೂರತ್‌ನ ಆ ಮೊದಲ ಇಸಿಜಿ ಎಲ್ಲಕ್ಕಿಂತ ಮೇಲಿದೆ. ಶಾಖಕ್ಕೆ ಅಚ್ಚಾಗುವ ಕಾಗದವಾದ್ದರಿಂದ ಗೆರೆಗಳು ಮಾಸುತ್ತ ಬಂದಿವೆ, ನಾಲ್ಕು ಅಕ್ಷರಗಳೂ ತೆಳ್ಳಗಾಗಿವೆ. ವಾಟ್ಸಾಪಿನಲ್ಲಿ ತಂಗಿ ಹಾಕಿದ ಫೋಟೊ ಮಾತ್ರ ಸ್ಪಷ್ಟವಾಗಿದೆ. ಅದರ ಕೆಳಗೆ ನನ್ನ ಹೆಬ್ಬೆಟ್ಟೂ ಹಾಗೇ ಇದೆ.